ಮೂರು ಡಿಸ್ಕು, ಒಂದು ತರಗತಿ

ಬೆಳಕು ಹರಿಯುವ ಹೊತ್ತಿಗೆ ವೈರಣ್ಣ ನೆಲಮಾಳಿಗೆಯಲ್ಲಿ ಮಂಡಿಯೂರಿ ಕೂತು ಹಳೆಯ ಕಂಪ್ಯೂಟರೊಂದರ ಮುಚ್ಚಳ ಬಿಚ್ಚುತ್ತಿದ್ದಾರೆ, ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೇನೆ. ಕಟ್ಟಡದ ಮನೆಮನೆಗೂ ಇಂಟರ್ನೆಟ್ ಹಂಚುವ ಡಬ್ಬ ಅದು, ನೋಡಿಕೊಳ್ಳುವವರು ಇವರೇ. ನೆಟ್ ಸರಿಯಿದ್ದಾಗ ಇವರ ನೆನಪು ಯಾರಿಗೂ ಆಗುವುದಿಲ್ಲ. ಕೆಟ್ಟರೆ ಮಾತ್ರ ಇಡೀ ಕಟ್ಟಡ ಇವರ ಮೇಲೆ ಹರಿಹಾಯುತ್ತದೆ.

ಮೂರನೇ ಮಹಡಿಯಲ್ಲಿರುವ ಇವರ ಅಕ್ಕ, ಕಿವಿ ಕೇಳಿಸದ ಮಕ್ಕಳ ಟೀಚರ್. ವಿಡಿಯೋದಲ್ಲಿ ಕೈಸನ್ನೆಯ ಪಾಠ. ಪಕ್ಕದ ಮನೆಯವರು ದೊಡ್ಡ ಫೈಲ್ ಕಳಿಸತೊಡಗಿದರೆ ಸಾಕು, ಪರದೆಯಲ್ಲಿ ಅಕ್ಕನ ಕೈ ಗಾಳಿಯಲ್ಲೇ ನಿಂತುಬಿಡುತ್ತದೆ, ವಾಕ್ಯ ಅರ್ಧಕ್ಕೇ ತುಂಡಾಗುತ್ತದೆ. ಬೇಸತ್ತ ಮಕ್ಕಳು ಒಬ್ಬೊಬ್ಬರಾಗಿ ತರಗತಿ ಬಿಡುತ್ತಿದ್ದಾರೆ.

ವೈರಣ್ಣನ ಮುಂದೆ ಮೂರು ಡಿಸ್ಕುಗಳಿವೆ, ಒಂದೊಂದರಲ್ಲೂ ಆ ಡಬ್ಬವನ್ನು ನಡೆಸಬಲ್ಲ ಒಂದೊಂದು ಆಪರೇಟಿಂಗ್ ಸಿಸ್ಟಮ್: ಲಿನಕ್ಸ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ. ಮೂರೂ ಯುನಿಕ್ಸ್ ಎಂಬ ಹಳೆಯ ಸಿಸ್ಟಮ್ಮಿನ ಮನೆತನದವು, ಯಾರು ಬೇಕಾದರೂ ಕೋಡ್ ಬಿಚ್ಚಿ ನೋಡಿ ತಿದ್ದಬಹುದಾದವು. "ಲಿನಕ್ಸು ಯಾವ ನೆಟ್‌ವರ್ಕ್ ಕಾರ್ಡ್ ಹಾಕಿದ್ರೂ ಹೊಂದ್ಕೊಳತ್ತೆ. ಫ್ರೀಬಿಎಸ್‌ಡಿ ಎಷ್ಟು ಹೊರೆ ಹೊರಿಸಿದ್ರೂ ಸುಸ್ತಾಗಲ್ಲ. ಓಪನ್‌ಬಿಎಸ್‌ಡಿ ಕಾವಲು ಕಾಯೋದ್ರಲ್ಲಿ ಎತ್ತಿದ ಕೈ." ಕೊನೆಯದರ ಹೆಸರು ಹೇಳುವಾಗ ಮುಖ ಅರಳುತ್ತದೆ. ವರ್ಷಗಳಿಂದ ಈ ಡಬ್ಬದಲ್ಲಿ ಓಡುತ್ತಿರುವುದು ಅದೇ.

ಯಾವುದರಲ್ಲಿ ವಿಡಿಯೋ ನಿಲ್ಲದೆ ಓಡುತ್ತದೆ ಎಂದು ನಿನ್ನೆ ನಡೆಸಿದ ಪೈಪೋಟಿಯಲ್ಲಿ ಗೆದ್ದಿದ್ದೂ ಅದೇ. ಆಗ ಅಕ್ಕ ಕೇಳಿದರಂತೆ, "ಮೂರನ್ನೂ ಒಂದೇ ಥರ ರೆಡಿ ಮಾಡಿದ್ಯೇನೋ?" ವೈರಣ್ಣ ತಲೆ ಕೆರೆದುಕೊಂಡರು. ದೊಡ್ಡ ಫೈಲುಗಳ ನಡುವೆ ವಿಡಿಯೋಗೆ ದಾರಿ ಬಿಡುವ ನಿಯಮವನ್ನು ಪೈಪೋಟಿಗೆ ಮುಂಚೆ ಪ್ರೀತಿಯ ಒಂದಕ್ಕೆ ಮಾತ್ರ ಬರೆದಿದ್ದರು. "ನಿನ್ ಮುದ್ದಿನ ಮಗೂಗೆ ಮಾತ್ರ ಶೂ ಹಾಕಿ ಓಡ್ಸಿದ್ಯಲ್ಲೋ!" ಎಂದು ಅಕ್ಕ ಕಿವಿ ಹಿಂಡಿದ್ದಾರೆ.

ಅದಕ್ಕೇ ಇವತ್ತು ಮರುಓಟ. ಅದೇ ಡಬ್ಬ, ಅದೇ ಕೇಬಲ್, ಮೂರಕ್ಕೂ ಅದೇ ನಿಯಮ. ಬೇಕೆಂದೇ ದೊಡ್ಡ ಫೈಲೊಂದನ್ನು ಕಳಿಸಲು ಹಚ್ಚಿ, ವೈರಣ್ಣ ಲ್ಯಾಪ್‌ಟಾಪಿನ ಕ್ಯಾಮೆರಾ ಮುಂದೆ ಸನ್ನೆ ಮಾಡುವಂತೆ ಬೆರಳಾಡಿಸುತ್ತಾರೆ. ಮೇಲೆ ಅಕ್ಕ ಮೊಬೈಲಿನಲ್ಲಿ ನೋಡುತ್ತಾರೆ. ಯಾವ ಡಿಸ್ಕು ಎಂದು ಅವರಿಗೆ ಹೇಳುವ ಹಾಗಿಲ್ಲ.

ಮೊದಲನೆಯದಕ್ಕೆ ಮೇಲಿಂದ "ಪರವಾಗಿಲ್ಲ" ಬರುತ್ತದೆ. ಎರಡನೆಯದಕ್ಕೆ "ಚೆನ್ನಾಗಿದೆ." ಮೂರನೆಯದಕ್ಕೆ ಅಕ್ಕ ತಡೆಯುವುದೇ ಇಲ್ಲ: "ಇದೇ ಇರ್ಲಿ ಕಣೋ. ಒಂದ್ ಬೆರಳೂ ತಪ್ಪಿಲ್ಲ."

ಅದು ಲಿನಕ್ಸ್. ವೈರಣ್ಣನ ಮುದ್ದಿನದಕ್ಕೆ ಸಿಕ್ಕಿದ್ದು ಬರೀ "ಪರವಾಗಿಲ್ಲ", ಅಂದರೆ ಕೊನೆಯ ಸ್ಥಾನ. ಪಾಪ, ಅವರ ಮುಖ ನೋಡುವ ಹಾಗಿಲ್ಲ.

"ಬೇಜಾರಾ?" ಎಂದೆ.

"ಇಲ್ದೆ ಏನ್ರೀ? ಬೇರೆ ಡಬ್ಬ ಆಗಿದ್ರೆ ನನ್ನದೇ ಗೆಲ್ತಿತ್ತೋ ಏನೋ. ಇರ್ಲಿ ಬಿಡಿ, ಮಕ್ಕಳು ವಾಪಸ್ ಬಂದ್ರೆ ಸಾಕು," ಎನ್ನುತ್ತಾ ಲಿನಕ್ಸ್ ಡಿಸ್ಕಿಗೇ ಸ್ಕ್ರೂ ಬಿಗಿಯುತ್ತಾರೆ.

ಮೂರನೇ ಮಹಡಿಯಲ್ಲಿ ಅಕ್ಕನ ತರಗತಿ ಶುರುವಾಗುತ್ತದೆ. ನಾವಿಬ್ಬರೂ ಬಾಗಿಲ ಬಳಿ ನಿಂತಿದ್ದೇವೆ. ಪರದೆಯಲ್ಲೊಬ್ಬಳು ಪುಟ್ಟ ಹುಡುಗಿ ಸರಸರನೆ ಕೈಯಾಡಿಸುತ್ತಾಳೆ. ಅಕ್ಕ ನಕ್ಕು ತಮ್ಮನ ಕಡೆ ತಿರುಗುತ್ತಾರೆ.

"ಏನಂತಾಳೆ ಗೊತ್ತೇನೋ? 'ಟೀಚರ್, ಇವತ್ತು ನಿಮ್ಮ ಕೈ ತೊದಲ್ತಾ ಇಲ್ಲ' ಅಂತಾಳೆ."