ಹೃದಯದ ಸುತ್ತ ಬೆಳೆದ ಬೂಷ್ಟು

ಅಕ್ಕ ತನ್ನ ಒಂದು ಕಿಡ್ನಿಯನ್ನು ನನಗೆ ಕೊಟ್ಟು ಏಳು ತಿಂಗಳಾಗಿತ್ತು. ಅದನ್ನು ಕಾಯುವ ಗುಳಿಗೆಗಳು ರೋಗ ತಡೆಯುವ ಶಕ್ತಿಯನ್ನು ತಗ್ಗಿಸುತ್ತವೆ, ಧೂಳು, ಜನಸಂದಣಿ ಬೇಡವೆಂದು ಆಸ್ಪತ್ರೆಯವರು ಕಟ್ಟುನಿಟ್ಟಾಗಿ ಹೇಳಿದ್ದರು. ಆರೈಕೆಗೆ ಬಂದಿದ್ದ ಅಕ್ಕ ಧಾರವಾಡಕ್ಕೆ ಮರಳಿದ ಮೇಲೆ ಮರಾಠಿ ಮಾತಾಡುವ ಈ ಊರಿನ ಕೊಂಢವಾ ಬಡಾವಣೆಯ ನನ್ನ ಬಾಡಿಗೆ ಕೋಣೆಯಲ್ಲಿ ಮಾತಾಡಲು ಯಾರೂ ಉಳಿಯಲಿಲ್ಲ.

ಆಪರೇಷನ್ನಿಗೆ ಮೊದಲು ನಾನು ಮಾರ್ಕೆಟ್ ಯಾರ್ಡಿನ ಈರುಳ್ಳಿ ಮಳಿಗೆಯಲ್ಲಿ ಲಾರಿ ಇಳಿಸುವುದನ್ನು ನೋಡಿಕೊಳ್ಳುತ್ತಿದ್ದೆ. ದಿನವಿಡೀ ಕೂಗಾಡಿ ರೂಢಿಯಾದವನು. ಒಂದು ಬೆಳಿಗ್ಗೆ ತಡೆಯಲಾಗದೆ ಅಲ್ಲಿಗೆ ಹೋದೆ, ಕೆಲಸಕ್ಕಲ್ಲ, ಹಮಾಲರ ಜೊತೆ ಕೂತು ಚಹಾ ಕುಡಿಯಲು. ಆಮೇಲೆ ದಿನಾ ಹೋಗತೊಡಗಿದೆ. ಚಹಾ ಬಂದಾಗ ಮಾಸ್ಕ್ ತೆಗೆಯುತ್ತಿದ್ದೆ. ಪಕ್ಕದಲ್ಲೇ ಕೊಳೆತ ಈರುಳ್ಳಿ ಆರಿಸಿ ಎಸೆಯುತ್ತಿದ್ದರು. ಸಿಪ್ಪೆಯಿಂದ ಕಪ್ಪು ಪುಡಿ ಏಳುತ್ತಿತ್ತು. ಅಕ್ಕ ಫೋನ್ ಮಾಡಿದರೆ “ಮನ್ಯಾಗ ಇದ್ದೀನಿ” ಎನ್ನುತ್ತಿದ್ದೆ.

ಎರಡು ತಿಂಗಳಲ್ಲಿ ಮಲಗಿದರೆ ಉಸಿರು ಸಿಗದಂತಾಯಿತು. ಆಸ್ಪತ್ರೆಯಲ್ಲಿ ನೋಡಿದರೆ ಹೃದಯವನ್ನು ಸುತ್ತಿದ ಚೀಲದಲ್ಲಿ ನೀರು ತುಂಬಿತ್ತು. ಸೂಜಿ ಹಾಕಿ ತೆಗೆದ ಆ ನೀರಿನಲ್ಲಿ ಬೂಷ್ಟು ಕಾಣಿಸಿತು, ಫಂಗಸ್.

ಬೆಳಗಾವಿ ಕಡೆಯ ವೈದ್ಯೆ ಕೇಳಿದರು: “ಎಲ್ಲೆರೆ ಧೂಳಿನ್ಯಾಗ ಓಡಾಡೀರೇನ್ರಿ?”

ಎಲ್ಲ ಹೇಳಿದೆ.

“ಅಲ್ಲಿಂದನ ಬಂತಂತ ಖಾತ್ರಿ ಹೇಳಾಕ ಆಗೂದಿಲ್ರಿ. ಆದ್ರ ಈಗ ಕಿಡ್ನಿ ಕಾಯೋ ಗುಳಿಗಿ ಕಡಿಮಿ ಮಾಡಬೇಕು. ಜೀವ ಉಳಸೋದು ಮೊದಲು.”

ಎದೆಗೆ ನಳಿಗೆ ಹಾಕಿ ಪ್ರತ್ಯೇಕ ಕೋಣೆಯಲ್ಲಿ ಮಲಗಿಸಿದರು. ಔಷಧಿ ಹನಿಯತೊಡಗಿದರೆ ಹಲ್ಲು ಕಟಕಟಿಸುವಷ್ಟು ಚಳಿ. ನರ್ಸುಗಳ ಕಣ್ಣಷ್ಟೇ ಕಾಣುತ್ತಿತ್ತು. ಕಣ್ಣು ನೋಡಿ ಯಾರು ಯಾರೆಂದು ಗುರುತಿಸುವುದೇ ನನ್ನ ಹೊತ್ತು ಕಳೆಯುವ ಬಗೆಯಾಯಿತು.

ಸುದ್ದಿ ತಿಳಿದು ಅಕ್ಕ ಬಂದಳು. ಒಳಗೆ ಬಿಡಲಿಲ್ಲ. ಗಾಜಿನಾಚೆ ನಿಂತು ಫೋನ್ ಕಿವಿಗಿಟ್ಟುಕೊಂಡಳು.

“ನಿನಗ ಸುಳ್ಳು ಹೇಳಿದೆ ಅಕ್ಕಾ. ದಿನಾ ಮಾರ್ಕೆಟ್‌ಗೆ ಹೋಗ್ತಿದ್ದೆ. ನೀ ಕೊಟ್ಟ ಕಿಡ್ನಿ ಹೋದ್ರೂ ಹೋಗಬಹುದು.”

ಗಾಜಿನ ಮೇಲೆ ಅವಳ ಉಸಿರು ಮಂಜುಗಟ್ಟಿ ಮುಖ ಮಸುಕಾಯಿತು.

“ಒಬ್ಬಾಂವಗ ಭಾಳ ಬ್ಯಾಸರ ಆಗ್ತದಂತ ನನಗ್ಯಾಕ ಹೇಳಲಿಲ್ಲೋ?” ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕಿಡ್ನಿ ಉಳಿಯಿತು, ಮೊದಲಿನ ಬಲವಿಲ್ಲ. ಫಂಗಸ್‌ನ ಗುಳಿಗೆ ಇನ್ನೂ ಹಲವು ತಿಂಗಳು ನುಂಗಬೇಕು. ತನ್ನ ಮಗಳ ಪರೀಕ್ಷೆಗೆಂದು ಅಕ್ಕ ಊರಿಗೆ ಹೋಗಬೇಕಾಯಿತು. ಬಿಡುಗಡೆಯ ದಿನ ನಾನೊಬ್ಬನೇ ರಿಕ್ಷಾ ಹತ್ತಿದೆ. ಎಡಕ್ಕೆ, ಬಲಕ್ಕೆ, ಇಲ್ಲೇ ನಿಲ್ಲಿಸಿ ಎಂದು ಚಾಲಕನಿಗೆ ಮರಾಠಿಯಲ್ಲಿ ಹೇಳಿದ್ದಷ್ಟೇ ಆ ದಿನ ನಾನು ಆಡಿದ ಮಾತು.