ಬುರುಜಿನ ನೆರಳು

ಆ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಹೊಲಿಗೆಯಕ್ಕ. ಶಾಲೆಯ ಸಮವಸ್ತ್ರ, ಪರದೆ, ದಿಂಬಿನ ಚೀಲ, ಏನೇ ಕೊಟ್ಟರೂ ಮುಂದಿನ ಕೋಣೆಯ ಕಿಟಕಿ ಪಕ್ಕದ ಮಷೀನಿನ ಮೇಲೆ ಹೊಲಿದು ಮುಗಿಸುತ್ತಿದ್ದಳು. ಮಷೀನು ನಿಂತರೆ ಒಳಗಿನಿಂದ ಅತ್ತೆಯ ಕರೆ. ಅತ್ತೆಯದು ಮುಗಿದರೆ ಒಲೆ. ಒಲೆ ಆರಿತೋ, ಮತ್ತೆ ಮಷೀನು.

ಕಿಟಕಿಯಾಚೆ ಸದಾ ಬಿಸಿಲು, ಬಿಸಿಲಿನಲ್ಲಿ ಟೋಪಿ ಹಾಕಿಕೊಂಡ ಪ್ರವಾಸಿಗರು. ಸಮುದ್ರಕ್ಕೆ ಚಾಚಿಕೊಂಡ ಹಳೆಯ ಕೋಟೆಗೆ ದಾರಿ ಕೇಳಲು ಅವರು ನಿಲ್ಲುತ್ತಿದ್ದುದು ಇವಳ ಕಿಟಕಿಯ ಬಳಿಯೇ. ಹಲ್ಲಿನ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ಅವಳು ಕೈ ತೋರಿಸುತ್ತಿದ್ದಳು. "ನೋಡೋಕೆ ಚೆನ್ನಾಗಿದೆಯಾ?" ಎಂದರೆ, "ಓ, ತುಂಬಾ!" ಎನ್ನುತ್ತಿದ್ದಳು. ಮದುವೆಯಾಗಿ ಈ ಊರಿಗೆ ಬಂದವಳು ಕೋಟೆಯ ಗೋಡೆಯನ್ನು ಕಂಡದ್ದು ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ಮಾತ್ರ.

ಗಂಡ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ. ಹಡಗಿನ ಭಾರವನ್ನೆಲ್ಲ ಎತ್ತಿ ಇಳಿಸುವವನಿಗೆ ಹೆತ್ತ ತಾಯಿಯನ್ನು ಹಾಸಿಗೆಯಿಂದ ಕುರ್ಚಿಗೆ ಇಳಿಸಲು ಮಾತ್ರ ಕೈ ಬರುತ್ತಿರಲಿಲ್ಲ. ಅತ್ತೆಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋದ ಮೇಲೆ ಸ್ನಾನ, ಊಟ, ವಾರಕ್ಕೊಮ್ಮೆ ಆಸ್ಪತ್ರೆಯ ವ್ಯಾಯಾಮ, ಎಲ್ಲವೂ ಸೊಸೆಯದೇ. "ನಿನ್ನ ಹಾಗೆ ನೋಡ್ಕೊಳ್ಳೋರು ಯಾರಿದಾರೆ?" ಎಂದು ಅವನು ಹೊಗಳುತ್ತಿದ್ದ. ಆ ಹೊಗಳಿಕೆಯಲ್ಲೇ ಅವನ ಪಾಲಿನ ಕೆಲಸ ಮುಗಿಯುತ್ತಿತ್ತು.

ಒಂದು ಬೆಳಿಗ್ಗೆ ಗಾಲಿಕುರ್ಚಿ ತಳ್ಳಿಕೊಂಡು ಆಸ್ಪತ್ರೆಗೆ ಹೋದರೆ, ವ್ಯಾಯಾಮ ಮಾಡಿಸುವವರು ರಜೆ. ಹಿಂದಿರುಗುವಾಗ, ಸಮಯವಿದೆಯೆಂದು ಸಮುದ್ರದ ಬದಿಯ ಬೇರೆ ದಾರಿ ಹಿಡಿದಾಗ, ಕೋಟೆಯ ಬಾಗಿಲು ಎದುರಾಯಿತು. ಮನೆಯಲ್ಲಿ ಅವರನ್ನು ಕಾಯುವವರು ಯಾರೂ ಇರಲಿಲ್ಲ. ಅವಳ ಕಾಲು ತಾನಾಗಿ ನಿಧಾನವಾಯಿತು.

"ಅತ್ತೆ, ಒಂದ್ಸಲ ಮೇಲೆ ಹೋಗಿ ನೋಡ್ಕೊಂಡು ಬರ್ಲಾ? ಹೀಗೆ ಹೋಗಿ ಹಾಗೆ ಬಂದ್ಬಿಡ್ತೀನಿ."

"ಹೋಗೇ. ನಾನೇನು ಓಡಿಹೋಗ್ತೀನಾ?" ಎಂದರು ಅತ್ತೆ, ಓರೆಯಾದ ಬಾಯಲ್ಲಿ ನಗುತ್ತ.

ದೊಡ್ಡ ಬುರುಜಿನ ಬುಡದಲ್ಲಿ ದಟ್ಟ ನೆರಳಿತ್ತು. ಅಲ್ಲಿ ಕುರ್ಚಿ ನಿಲ್ಲಿಸಿದಳು. ನೆಲ ಕಂದಕದ ಕಡೆಗೆ ಇಳಿಜಾರು. ಜಾರಿದರೆ ಗತಿಯೇನು ಎಂದು ಎರಡೂ ಚಕ್ರಗಳ ಬ್ರೇಕನ್ನು ಬಿಗಿಯಾಗಿ ಒತ್ತಿದಳು. ಮುಂದಕ್ಕೆ ವಾಲದಿರಲಿ ಎಂದು ಸೊಂಟದ ಪಟ್ಟಿ ಕಟ್ಟಿದಳು. ನೀರಿನ ಬಾಟಲಿಯನ್ನು ಮಡಿಲಲ್ಲಿಟ್ಟಳು. ಇಷ್ಟೆಲ್ಲ ಜಾಗ್ರತೆ ಮಾಡಿ ಮೆಟ್ಟಿಲು ಹತ್ತಿದಳು.

ಮೇಲೆ ಗಾಳಿಯೋ ಗಾಳಿ. ತುಕ್ಕು ಹಿಡಿದ ಫಿರಂಗಿಗಳು, ಸವೆದ ಕಲ್ಲುಗಳು, ಮೂರು ಕಡೆಯೂ ಹೊಳೆಯುವ ನೀರು. ಗೋಡೆಯ ಮೂಲೆಯಲ್ಲೊಂದು ಕಾವಲು ಗೂಡಿತ್ತು, ಒಬ್ಬ ಮನುಷ್ಯ ಕೂರುವಷ್ಟೇ. ಒಳಗೆ ಕಲ್ಲು ತಣ್ಣಗಿತ್ತು. ಕೂತಳು. ಯಾರೂ ಕರೆಯಲಿಲ್ಲ. ಅದೇ ಅವಳಿಗೆ ಹೊಸದು. ಕೂತಲ್ಲೇ ಕಣ್ಣು ಮುಚ್ಚಿತು.

ಎಚ್ಚರವಾದಾಗ ಸೂರ್ಯ ನೆತ್ತಿಯ ಮೇಲಿದ್ದ. ಕೆಳಗೆ ಬಗ್ಗಿ ನೋಡಿದಳು. ಬುರುಜಿನ ನೆರಳು ಗೋಡೆಯ ಬುಡಕ್ಕೆ ಮುದುಡಿಕೊಂಡಿತ್ತು. ಕುರ್ಚಿ ಸುಡುವ ಬಿಸಿಲಿನ ನಟ್ಟನಡುವೆ ಇತ್ತು.

ಮೆಟ್ಟಿಲು ಹೇಗೆ ಇಳಿದಳೋ ಗೊತ್ತಿಲ್ಲ. ಅತ್ತೆಯ ತಲೆಯ ಮೇಲೆ ಯಾರದೋ ಒದ್ದೆ ಟವೆಲ್. ಪಕ್ಕದಲ್ಲಿ ಕೋಟೆಯ ಬಾಗಿಲಲ್ಲಿ ಟಿಕೆಟ್ ಕೊಡುವವನು ಕೆಂಡದಂತಾಗಿ ನಿಂತಿದ್ದ.

"ಏನಮ್ಮಾ, ಚೀಲ ಮರೆತ ಹಾಗೆ ಮನುಷ್ಯರನ್ನ ಮರೆತು ಹೋಗೋದಾ? ತಳ್ಳೋಕೆ ನೋಡಿದ್ರೆ ಬ್ರೇಕು ಬಿಗಿದು ಕೂತಿದೆ, ಚಕ್ರಾನೇ ಅಲ್ಲಾಡ್ತಿಲ್ಲ. ನಿಮ್ಮನ್ನ ಕರೀತೀನಿ ಅಂದ್ರೆ ಇವರು ಬಿಡ್ಬೇಕಲ್ಲ!"

"ಬಿಡ್ಲಿಲ್ವಾ?"

"ಒಂದೇ ಹಟ. ಅವಳನ್ನ ಕರೀಬೇಡ, ಈಗ ತಾನೇ ಹೋಗಿದಾಳೆ ಅಂತ. ಈಗ ತಾನೇ ಅಂತೆ!"

ಬಿಸಿಲಿನ ಕಡೆಗಿದ್ದ ಅತ್ತೆಯ ಎಡಗೆನ್ನೆ, ಎಡಗೈ ಕೆಂಪಗೆ ಬೆಂದಿದ್ದವು. "ಆ ಕಡೆ ನಂಗೆ ಏನೂ ಗೊತ್ತಾಗಲ್ಲ ಕಣೇ, ಅಳಬೇಡ," ಎಂದರು. ಗೊತ್ತಾಗದ ಕಡೆಯನ್ನೇ ಸುಟ್ಟೆನಲ್ಲ ಎಂದುಕೊಂಡಳು. ಬಗ್ಗಿ ಬ್ರೇಕು ಬಿಡಿಸಿದಳು. ತಾನು ಒತ್ತಿದ ಬ್ರೇಕು, ತಾನು ಕಟ್ಟಿದ ಪಟ್ಟಿ.

ದಾರಿಯಲ್ಲೇ ಸಿಕ್ಕಿದ ದವಾಖಾನೆಗೆ ನುಗ್ಗಿದಳು. ಡಾಕ್ಟರು ನಾಡಿ ನೋಡಿ, ಮುಲಾಮು ಕೊಟ್ಟು, "ಪುಣ್ಯ, ಚರ್ಮಕ್ಕೆ ಮಾತ್ರ ಆಗಿದೆ," ಎಂದರು.

ಸಂಜೆ ಗಂಡ ಬಂದವನೇ ತಾಯಿಯ ಮುಖ ನೋಡಿ ಬೆಚ್ಚಿದ. "ಏನಮ್ಮ ಇದು?"

"ಆಸ್ಪತ್ರೇಲಿ ಕ್ಯೂ," ಎಂದರು ಅತ್ತೆ ಥಟ್ಟನೆ. "ಹೊರಗೆ ಕೂರಿಸಿಬಿಟ್ರು."

ಆಸ್ಪತ್ರೆಯವರ ಜನ್ಮ ಜಾಲಾಡಲು ಅವನು ಬಾಯಿ ತೆರೆದ. ಸುಮ್ಮನಿದ್ದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬೆಂದ ಕೆನ್ನೆಯ ಅತ್ತೆಯ ಬಾಯಿಂದ ತನಗಾಗಿ ಹೊರಟ ಸುಳ್ಳನ್ನು ಅವಳಿಗೆ ನುಂಗಲಾಗಲಿಲ್ಲ.

"ಕ್ಯೂ ಅಲ್ಲ ರೀ. ಕೋಟೆ ನೋಡೋಕೆ ಹೋಗಿದ್ದೆ. ಅತ್ತೆನ ಕೆಳಗೆ ಬಿಟ್ಟು ಮೇಲೆ ನಿದ್ದೆ ಹೋಗ್ಬಿಟ್ಟೆ."

ಅವನು ಅವಳ ಕಡೆ ತಿರುಗಿದ. "ಸಾಕು. ಇನ್ಮೇಲೆ ನೀನು ಅಮ್ಮನ್ನ ಮುಟ್ಟಬೇಡ. ನಾನೇ ನೋಡ್ಕೋತೀನಿ," ಎಂದ. ಇಷ್ಟು ವರ್ಷ ಸಹಾಯವಾಗಿ ಬಾರದ ಮಾತು ಶಿಕ್ಷೆಯಾಗಿ ಬಂತು.

"ಆಗ್ಲಪ್ಪ," ಎಂದರು ಅತ್ತೆ. "ಈಗ ಬಚ್ಚಲಿಗೆ ಕರ್ಕೊಂಡು ಹೋಗು. ಬೆಳಿಗ್ಗೆ ಸ್ನಾನಾನೂ ನೀನೇ ಮಾಡ್ಸು."

ಅವನು ಹೆಂಡತಿಯ ಕಡೆ ನೋಡಿದ, ತಾಯಿಯ ಕಡೆ ನೋಡಿದ, ಫೋನು ಬಂದವನಂತೆ ಹೊರಗೆ ನಡೆದ. ಫೋನು ಮೇಜಿನ ಮೇಲೆಯೇ ಇತ್ತು.

ಅವಳೇ ಅತ್ತೆಯನ್ನು ಬಚ್ಚಲಿಗೆ ಕರೆದೊಯ್ದು ತಂದು ಮಲಗಿಸಿದಳು. ಕೆನ್ನೆಗೆ ಮುಲಾಮು ಹಚ್ಚತೊಡಗಿದಳು.

"ಮೇಲೆ ಏನೇನಿತ್ತೇ?" ಎಂದು ಅತ್ತೆ ಕೇಳಿದರು. "ಈ ಊರಲ್ಲೇ ಹುಟ್ಟಿ ಬೆಳೆದೋಳು ನಾನು. ಕೈಯಲ್ಲೊಂದು ಮಗು, ಸೊಂಟದಲ್ಲೊಂದು ಮಗು, ಯಾವತ್ತೂ ಹತ್ತಲಿಲ್ಲ."

ಏನೂ ಚೆನ್ನಾಗಿರಲಿಲ್ಲ ಎಂದುಬಿಡೋಣ ಎನಿಸಿತು. ಹಾಗೆಂದರೆ ತಪ್ಪಿನ ಭಾರ ತುಸುವಾದರೂ ಇಳಿಯುತ್ತಿತ್ತೇನೋ.

"ತುಂಬಾ ಚೆನ್ನಾಗಿತ್ತು ಅತ್ತೆ," ಎಂದಳು, ತಲೆ ತಗ್ಗಿಸಿ.

"ಹೇಳು ಮತ್ತೆ."

ಅವಳು ಹೇಳತೊಡಗಿದಳು. ಬೆರಳು ಸುಟ್ಟ ಚರ್ಮದ ಮೇಲೆ ಮೆಲ್ಲಗೆ ಆಡುತ್ತಿತ್ತು. ಗಾಳಿಯ ವಿಷಯಕ್ಕೆ ಬಂದಾಗ ತನ್ನ ದನಿಯಲ್ಲಿ ಇಣುಕಿದ ಖುಷಿಯನ್ನು ತಾನೇ ಕೇಳಿಸಿಕೊಂಡು, ನಾಚಿ, ಮಾತು ತಡವರಿಸಿದಳು.