ಅಕ್ಕನ ರಿಪೋರ್ಟ್ ಓದಿದವನು ನಾನೇ

ಮಾನ್ವಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷವಾಯಿತು. ನಮ್ಮ ಕಡೆಯ ಜನಕ್ಕೆ ಒಂದು ಚಾಳಿಯಿದೆ. ರಿಪೋರ್ಟ್ ಕೈಗೆ ಬಂದ ಮೇಲೆ ಅದನ್ನು ಡಾಕ್ಟರ ಹತ್ತಿರ ಒಯ್ಯುವುದಿಲ್ಲ, ಕೊಟ್ಟವನನ್ನೇ ಕೇಳುತ್ತಾರೆ: "ಡಾಕ್ಟ್ರೇ, ನಾರ್ಮಲ್ ಅದ ಏನ್ರಿ?" ನಾನು ಡಾಕ್ಟರಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಕೊನೆಗೆ ಹೇಳುವುದನ್ನೇ ಬಿಟ್ಟೆ. ಪುಕ್ಕಟೆ ಸಿಗುವ ಮರ್ಯಾದೆ ಯಾರಿಗೆ ಬೇಡ?

ಅಕ್ಕ ಕವಿತಾಳದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಹೋದ ವರ್ಷ ಮಳೆಗಾಲದಲ್ಲಿ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತದೆ ಎಂದಳು. ರಾಯಚೂರಿನ ಡಾಕ್ಟರು ಒಂದಿಷ್ಟು ಪರೀಕ್ಷೆ ಬರೆದುಕೊಟ್ಟರು. ರಕ್ತ ನಮ್ಮ ಲ್ಯಾಬಿನಲ್ಲಿ ನಾನೇ ತೆಗೆದೆ. ಆ ಪರೀಕ್ಷೆಗಳಲ್ಲಿ ಸಿಆರ್‌ಪಿ ಎಂಬುದೂ ಇತ್ತು. ಮೈಯೊಳಗೆ ಎಲ್ಲಾದರೂ ಉರಿಯೂತವಿದ್ದರೆ ರಕ್ತದಲ್ಲಿ ಅದು ಏರುತ್ತದೆ. ಸ್ವಲ್ಪವೇ ಏರಿ, ಇಳಿಯದೆ ಅಲ್ಲೇ ನಿಂತಿತೆಂದರೆ ಹೃದಯದ ಮೇಲೂ ಒಂದು ಕಣ್ಣಿಡಬೇಕು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಮಾಡಿದೆ.

ರಿಪೋರ್ಟ್ ಬಂದ ದಿನ ಲ್ಯಾಬಿನ ಮುಂದೆ ಜ್ವರದವರ ಸಾಲು. ಬೆಳಿಗ್ಗೆಯಿಂದ ಚಹಾ ಬಿಟ್ಟು ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅಕ್ಕನ ಸಿಆರ್‌ಪಿ ಆರು ಇತ್ತು, ಮೂರು ದಾಟಬಾರದು. ಅವಳು ಎದುರಿಗೇ ನಿಂತು ಸುಟ್ಟ ತಂಬಾಕಿನ ಪುಡಿಯನ್ನು ಬೆರಳಿನಿಂದ ಹಲ್ಲಿಗೆ ತಿಕ್ಕುತ್ತಿದ್ದಳು. ನಮ್ಮ ಮನೆಯ ಹೆಂಗಸರೆಲ್ಲ ಚಿಕ್ಕಂದಿನಿಂದ ತಿಕ್ಕುತ್ತಾರೆ. ವಸಡು ಊದಿ ರಕ್ತ ಒಸರುತ್ತಿತ್ತು.

"ಏನಿಲ್ಲ ತಗೋ ಅಕ್ಕಾ, ನಿನ್ನ ಹಲ್ಲಿಂದು ಇದು," ಎಂದೆ.

"ರಾಯಚೂರಿಗೆ ಹೋಗಿ ತೋರಸೂದು ಬ್ಯಾಡೇನು ಮತ್ತ?"

"ಎರಡು ವಾರ ಬಿಟ್ಟು ಇನ್ನೊಮ್ಮಿ ರಕ್ತ ಕೊಡು, ಆಮ್ಯಾಲ ನೋಡೂಣು. ಸುಮ್ನ ರಜಾ ಹಾಕಿ ಯಾಕ ತಿರುಗ್ತಿ?"

"ನೀ ಇದ್ದಿದ್ದು ಚಲೋ ಆತು ನೋಡು," ಎಂದು ನಗುತ್ತಾ ಬಸ್ಸು ಹತ್ತಿದಳು. ಎರಡು ವಾರ ಕಳೆಯಿತು. ಅವಳು ಬರಲಿಲ್ಲ, ನಾನೂ ಫೋನ್ ಮಾಡಲಿಲ್ಲ. ನನಗೆ ನೆನಪೇ ಇರಲಿಲ್ಲ ಎಂದರೆ ಅದೇ ನಿಜ.

ಒಂದೂವರೆ ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಶಾಲೆಯಲ್ಲಿ ಅನ್ನಕ್ಕೆ ಎಸರಿಡುವಾಗ ಅವಳ ಎಡದವಡೆ ಹಿಡಿದುಕೊಂಡಿತಂತೆ. ಅವಳು ಪುಡಿ ತಿಕ್ಕಿದಳು. ನೋವು ಭುಜಕ್ಕೆ ಇಳಿಯಿತು. ಮತ್ತಷ್ಟು ತಿಕ್ಕಿ, ಒಂದು ಲವಂಗ ಕಚ್ಚಿಕೊಂಡು, ಮಕ್ಕಳಿಗೆಲ್ಲ ಬಡಿಸಿ, ಪಾತ್ರೆ ತೊಳೆಯಲು ಕೂತವಳು ಅಲ್ಲೇ ಕುಸಿದಳು. ರಾಯಚೂರಿಗೆ ಒಯ್ದಾಗ ಸಂಜೆಯಾಗಿತ್ತು. ಜೀವ ಉಳಿಯಿತು, ಆದರೆ ಹೃದಯದ ಒಂದು ಭಾಗ ಕೆಟ್ಟೇ ಹೋಗಿತ್ತು.

"ಹಾರ್ಟಿನ ನೋವು ದವಡಿಗೂ ಬರ್ತದಮ್ಮಾ. ಇಷ್ಟು ತಡ ಯಾಕ ಮಾಡಿದ್ರಿ?" ಡಾಕ್ಟರು ಕೇಳಿದರು. ನಾನು ಮಂಚದ ಪಕ್ಕದಲ್ಲೇ ಇದ್ದೆ.

"ಹಲ್ಲಿಂದು ಅಂತ ನಮ್ಮ ತಮ್ಮ ಹೇಳಿದ್ದ್ರಿ. ಲ್ಯಾಬಿನ್ಯಾಗ ಇರ್ತಾನ ಅವ."

ಅವಳ ದನಿಯಲ್ಲಿ ದೂರು ಇರಲಿಲ್ಲ, ಹೆಮ್ಮೆಯಿತ್ತು. ಬೈದಿದ್ದರೆ ಎಷ್ಟೋ ಮೇಲಿತ್ತು. ನಾನು ನಾಚಿಕೆಯಿಂದ ಸತ್ತೆ.

ಈಗ ಅವಳಿಗೆ ತುಂಬಿದ ಕೊಡ ಎತ್ತಲು ಆಗುವುದಿಲ್ಲ. ಅಡುಗೆ ಕೆಲಸ ಬಿಟ್ಟಳು. ಆಗಾಗ ರಕ್ತ ಕೊಡಲು ಮಾನ್ವಿಗೆ ಬರುತ್ತಾಳೆ, ಮತ್ತೆ ನಾನೇ ತೆಗೆಯುತ್ತೇನೆ. ದೇವದುರ್ಗದಿಂದ, ಎಲ್ಲೆಲ್ಲಿಂದಲೋ ಬಂದವರು ಇವತ್ತಿಗೂ "ಡಾಕ್ಟ್ರೇ" ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಸಾಕು, ಎದ್ದು ಮನೆಗೆ ಹೋಗಿ ಮಲಗಿಬಿಡಬೇಕು ಅನಿಸುತ್ತದೆ.

ಮೊನ್ನೆ ಅಕ್ಕನ ರಿಪೋರ್ಟ್ ಬಂತು. ಸಿಆರ್‌ಪಿ ಇಳಿದಿತ್ತು.

"ಹೆಂಗದ?" ಎಂದಳು.

ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. "ನನಗ ತಿಳಿಯಂಗಿಲ್ಲ ಅಕ್ಕಾ. ರಾಯಚೂರಿಗೆ ಹೋಗಿ ಡಾಕ್ಟರಿಗೇ ತೋರಸೂಣು. ನಾನೂ ಬರ್ತೀನಿ."

ಅವಳ ಮುಖ ಸಣ್ಣಗಾಯಿತು. ಬಂದು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ನೀ ಹಿಂಗಂದ್ರ ನನಗ ಅಂಜಿಕಿ ಬರ್ತದಲ್ಲೋ. ಒಮ್ಮಿ ನಾರ್ಮಲ್ ಅದ ಅನ್ನು, ಆಮ್ಯಾಲ ಹೋಗೂಣು."